ಅಶ್ವತ್ಥಾಮ ಆಮೇಲೆ ಏನಾದ?

ಪ್ರಶ್ನೆ: ಟಿವಿ ಮಹಾಭಾರತದಲ್ಲಿ ದುರ್ಯೋಧನ, ಶಕುನಿ ಎಲ್ಲರ ಲೆಕ್ಕ ಚುಕ್ತಾ ಆಗುತ್ತದೆ. ಅಶ್ವತ್ಥಾಮನ ಕಥೆ ಮಾತ್ರ ಅರ್ಧಕ್ಕೇ ನಿಂತಿತಲ್ಲ?
— ಓದುಗರೊಬ್ಬರು, ಖಾನಾಪುರ

ಉತ್ತರ: ಬಿ.ಆರ್. ಚೋಪ್ರಾ ಅವರ 94 ಕಂತುಗಳ ‘ಮಹಾಭಾರತ’ (1988–90) ಭೀಷ್ಮರ ದೇಹತ್ಯಾಗಕ್ಕೆ ಮುಗಿಯಿತು. ಪ್ರದೀಪ್ ರಾವತ್ ಮಾಡಿದ್ದ ಅಶ್ವತ್ಥಾಮ ಶಾಪ ಹೊತ್ತು ಹೋದವನು ಮತ್ತೆ ಕಾಣಲಿಲ್ಲ. ಇದು ಧಾರಾವಾಹಿಯವರ ಮರೆವಲ್ಲ, ಮೂಲದಲ್ಲೇ ಹಾಗಿದೆ. ಮಲಗಿದ್ದ ಉಪಪಾಂಡವರನ್ನು ಕೊಂದು, ಉತ್ತರೆಯ ಗರ್ಭಕ್ಕೆ ಅಸ್ತ್ರ ಬಿಟ್ಟವನಿಗೆ ಕೃಷ್ಣ ಕೊಟ್ಟದ್ದು ಸಾವನ್ನಲ್ಲ. 3000 ವರ್ಷ ಒಂಟಿಯಾಗಿ ಅಲೆಯುವ ಶಿಕ್ಷೆ.

ಪಂಚಾಂಗದ ಪ್ರಕಾರ ಕಲಿಯುಗಕ್ಕೇ 5100 ವರ್ಷ ದಾಟಿದೆ. ಅಂದರೆ ಶಿಕ್ಷೆ ಮುಗಿದು ಎರಡು ಸಾವಿರ ವರ್ಷದ ಮೇಲಾಯಿತು! ಆದರೂ ಅವನು ಚಿರಂಜೀವಿ, ಎಲ್ಲಿಗೆ ಹೋದಾನು?

ನಿಮಗೆ ಹತ್ತಿರದಲ್ಲೇ ಒಂದು ವಿಳಾಸವಿದೆ: ಬೆಳಗಾವಿಯ ಪಾಂಗುಳ ಗಲ್ಲಿಯ ಅಶ್ವತ್ಥಾಮ ಮಂದಿರ. ಶಿಶುಹತ್ಯೆ ಮಾಡಿದವನಿಗೆ ಪೂಜೆಯೇ ಎಂದು ಹುಬ್ಬೇರಿಸಬೇಡಿ. ಏಳು ಚಿರಂಜೀವಿಗಳ ಸಾಲಿನಲ್ಲಿ ಮೊದಲ ಹೆಸರೇ ಅವನದು.

ಕೊನೆಯ ಕಂತು ಬೇಕೆಂದರೆ ವಿಷ್ಣುಪುರಾಣ ತೆರೆಯಿರಿ. ಎಂಟನೆಯ ಮನ್ವಂತರದ ಸಪ್ತರ್ಷಿಗಳಲ್ಲಿ ವ್ಯಾಸ, ಕೃಪ, ಪರಶುರಾಮರ ಜೊತೆ ದ್ರೋಣಪುತ್ರನೂ ಇದ್ದಾನೆ. ಖಳನಾಯಕನಿಗೆ ಇಂಥ ಬಡ್ತಿ ಯಾವ ಚಿತ್ರಕಥೆಗಾರನೂ ಕೊಟ್ಟಿರಲಾರ. ಈಗ ನಡೆದಿರುವುದು ಏಳನೆಯ ಮನ್ವಂತರ. ಅದು ಮುಗಿಯಲು ಇನ್ನೂ 18 ಕೋಟಿ ವರ್ಷಕ್ಕೂ ಹೆಚ್ಚು ಬಾಕಿ ಇದೆ.