ಕಾರಿನ ತಳಕ್ಕೆ ಆಂಟಿ-ರಸ್ಟ್ ಕೋಟಿಂಗ್: ತುಕ್ಕಿನ ಮೇಲೆಯೇ ಹೊಡೆಸಿದರೆ ದುಡ್ಡೂ ದಂಡ, ಕಾರಿಗೂ ಕುತ್ತು

ಮೇ ತಿಂಗಳು ಬಂತೆಂದರೆ ಮುಂಬೈ, ಠಾಣೆ ಕಡೆ ಕಾರನ್ನು ಸರ್ವಿಸ್‌ಗೆ ಬಿಟ್ಟವರಿಗೆ ಒಂದು ಪ್ರಶ್ನೆ ಎದುರಾಗುವುದು ಸಾಮಾನ್ಯ. 'ಮಳೆಗಾಲಕ್ಕೆ ಮುಂಚೆ ಆಂಟಿ-ರಸ್ಟ್ ಕೋಟಿಂಗ್ ಮಾಡಿಸಿಬಿಡೋಣವಾ ಸರ್?' ಹೂಂ ಎಂದರೆ ಬಿಲ್ ಉದ್ದವಾಗುತ್ತದೆ. ಸಂಜೆ ಕಾರು ಕೈಗೆ ಬಂದಾಗ ತಳವೆಲ್ಲ ಕಪ್ಪಗೆ ಹೊಳೆಯುತ್ತಿರುತ್ತದೆ. ಆದರೆ ಆ ಕಪ್ಪು ಪದರದ ಹಿಂದೆ ಏನಿದೆ ಎಂಬುದೇ ಮುಖ್ಯ. ಒದ್ದೆ ಕೆಸರಿನ ಮೇಲೋ ಹಳೆ ತುಕ್ಕಿನ ಮೇಲೋ ಹೊಡೆದ ಕೋಟಿಂಗ್ ಕಾರನ್ನು ಕಾಪಾಡುವುದಿಲ್ಲ, ತುಕ್ಕು ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತದೆ ಅಷ್ಟೆ.

ಕಡಲ ಊರುಗಳಲ್ಲೇ ಯಾಕೆ ಹೆಚ್ಚು?

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ನೀರಿನಲ್ಲಿ ಉಪ್ಪು ಬೆರೆತರೆ ಅದು ವಿದ್ಯುತ್ತನ್ನು ಇನ್ನಷ್ಟು ಚೆನ್ನಾಗಿ ಹರಿಸುತ್ತದೆ, ತುಕ್ಕಿನ ಕ್ರಿಯೆಯೂ ಚುರುಕಾಗುತ್ತದೆ. ಹೀಗಾಗಿ ಮುಂಬೈ, ಚೆನ್ನೈ, ಮಂಗಳೂರಿನಲ್ಲಿ ಓಡುವ ಕಾರುಗಳಿಗೆ ಇರುವ ಅಪಾಯ ದೆಹಲಿ, ಹೈದರಾಬಾದ್ ಕಾರುಗಳಿಗೆ ಅಷ್ಟಿಲ್ಲ. ಅಲ್ಯೂಮಿನಿಯಂ ಮೇಲೆ ಕೂರುವ ಆಕ್ಸೈಡ್ ಪದರ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಉಬ್ಬಿ, ಪದರ ಪದರವಾಗಿ ಉದುರಿ, ಒಳಗಿನ ಹೊಸ ಲೋಹವನ್ನು ಮತ್ತೆ ನೀರಿಗೆ ಒಡ್ಡುತ್ತದೆ.

ಕಲ್ಲು ಸಿಡಿದು ಬಣ್ಣ ಎದ್ದ ಜಾಗ, ಚಕ್ರದ ಮೇಲಿನ ಕಮಾನಿನಲ್ಲಿ ಮೆತ್ತಿಕೊಂಡ ಕೆಸರು, ಬಾಗಿಲಿನ ಕೆಳಗಿನ ಟೊಳ್ಳು ಪಟ್ಟಿ, ಎರಡು ತಗಡುಗಳು ಸೇರುವ ಸಂದು, ಇವೇ ತುಕ್ಕಿಗೆ ಇಷ್ಟವಾದ ತಾಣಗಳು. ಇದು ಬರೀ ಅಂದಚಂದದ ಮಾತೂ ಅಲ್ಲ. ಬ್ರೇಕ್ ಪೈಪ್‌ಗಳು, ಸಸ್ಪೆನ್ಷನ್ ಬಿಗಿದಿರುವ ಜಾಗಗಳು ಇರುವುದು ಇಲ್ಲೇ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಅಮೆರಿಕದಲ್ಲಿ ಇದು ದೊಡ್ಡ ವ್ಯಾಜ್ಯವಾಗಿತ್ತು. ಟೊಯೋಟಾದ ಟಕೋಮಾ, ಟುಂಡ್ರಾ ಪಿಕಪ್‌ಗಳು ಮತ್ತು ಸಿಕೋಯಾ ಎಸ್‌ಯುವಿಗಳ ಫ್ರೇಮ್‌ಗೆ ಸಾಕಷ್ಟು ತುಕ್ಕು ರಕ್ಷಣೆ ಇರಲಿಲ್ಲ ಎಂದು ಮಾಲೀಕರು ಕೋರ್ಟಿಗೆ ಹೋದರು. 2016ರಲ್ಲಿ ಕಂಪನಿ ಸುಮಾರು 340 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿಕೊಂಡಿತು.

ಹೊಸ ಕಾರಿಗೆ ಬೇಕೇ?

ಈಗಿನ ಕಾರುಗಳ ಬಾಡಿಯನ್ನು ಕಾರ್ಖಾನೆಯಲ್ಲೇ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ, ಮೂಲೆಮೂಲೆಗೂ ಅಂಟುವಂತೆ ಮಾಡಿರುತ್ತಾರೆ. ಹಲವು ಕಾರುಗಳ ತಗಡಿಗೆ ಸತುವಿನ ಲೇಪನವೂ, ಸಂದುಗಳಿಗೆ ಪಿವಿಸಿ ಸೀಲಂಟ್ ಕೂಡ ಇರುತ್ತದೆ. ಸತು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಹಾಗಾಗಿ ಪುಣೆಯಲ್ಲೋ ದೆಹಲಿಯಲ್ಲೋ ಓಡುವ ಹೊಸ ಕಾರಿಗೆ ಶೋರೂಂನವರು ಹೇಳಿದ ತಕ್ಷಣ ಹಣ ಕಟ್ಟುವ ಅವಸರವಿಲ್ಲ. ಮೊದಲು ವಾರಂಟಿ ಪುಸ್ತಕದಲ್ಲಿ ತುಕ್ಕಿನ ಬಗ್ಗೆ ಏನಿದೆ ಎಂದು ಓದಿಕೊಳ್ಳಿ. ಕಡಲಿನ ಪಕ್ಕದಲ್ಲೇ ಕಾರು ನಿಲ್ಲಿಸುವವರ ಲೆಕ್ಕ ಬೇರೆ. ಅವರಿಗೆ ಹೊಸದರಲ್ಲಿ, ತಳ ಶುದ್ಧವಾಗಿರುವಾಗ ಮಾಡಿಸಿದ ಕೋಟಿಂಗ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ರಬ್ಬರ್ ಅಥವಾ ಬಿಟುಮಿನ್ ಬೆರೆತ ದಪ್ಪ ಕೋಟಿಂಗ್ ಕಲ್ಲೇಟು ತಡೆಯುತ್ತದೆ, ರಸ್ತೆಯ ಸದ್ದನ್ನೂ ತುಸು ತಗ್ಗಿಸುತ್ತದೆ. ಆದರೆ ವರ್ಷ ಕಳೆದಂತೆ ಗಡುಸಾಗಿ ಬಿರುಕು ಬಿಡಬಹುದು. ಬಿರುಕಿನಲ್ಲಿ ಇಳಿದ ನೀರು ಒಳಗೇ ಉಳಿದು, ಕೋಟಿಂಗ್ ಹಿಂದೆ ತುಕ್ಕು ಸದ್ದಿಲ್ಲದೆ ಬೆಳೆಯುತ್ತದೆ. ಮೇಣದ ಸ್ಪ್ರೇ, ಅಥವಾ ಕುರಿ ಉಣ್ಣೆಯ ಜಿಡ್ಡಿನಿಂದ ಮಾಡುವ ಲ್ಯಾನೋಲಿನ್ ಸ್ಪ್ರೇ ಮೆತ್ತಗೇ ಉಳಿದು ಸಂದುಗಳಿಗೆ ಇಳಿಯುತ್ತದೆ. ಧೂಳು ಅಂಟುತ್ತದೆ, ನೋಡಲು ಚೆಂದವಿಲ್ಲ, ವರ್ಷ ಎರಡು ವರ್ಷಕ್ಕೊಮ್ಮೆ ಮತ್ತೆ ಹೊಡೆಸಬೇಕು. ಆದರೂ ಅಲ್ಲಲ್ಲಿ ತುಕ್ಕು ಕಂಡ ಹಳೆ ಕಾರಿಗೆ ಇದೇ ಮೇಲು. ಕೆಲವು ಗ್ಯಾರೇಜ್‌ಗಳಲ್ಲಿ ಬಳಸಿದ ಎಂಜಿನ್ ಆಯಿಲ್ ಹೊಡೆಯುವ ರೂಢಿಯಿದೆ. ರಬ್ಬರ್ ಬುಷ್‌ಗಳನ್ನು ಹಾಳುಮಾಡಿ ನೆಲಕ್ಕೂ ಸೋರುವ ಈ ಉಪಾಯ ಬೇಡವೇ ಬೇಡ.

ಕೆಲಸ ಹೇಗೆ ನಡೆಯಬೇಕು?

ಸ್ಪ್ರೇ ಹೊಡೆಯುವುದು ಕೊನೆಯ, ಸುಲಭದ ಹಂತ. ತಳವನ್ನು ಪ್ರೆಶರ್ ನೀರಿನಲ್ಲಿ ತೊಳೆದು, ಸಂದುಗಳೂ ಒಣಗುವವರೆಗೆ ಕಾಯಬೇಕು. ಸಡಿಲವಾದ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ಉಳಿದ ತೆಳು ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚಿ, ದಪ್ಪ ಕೋಟಿಂಗ್ ಆದರೆ ಪ್ರೈಮರ್ ಕೂಡ ಕೊಟ್ಟು, ಆಮೇಲೆ ಸ್ಪ್ರೇ. ತೊಳೆದು ಒಂದೇ ಗಂಟೆಯಲ್ಲಿ 'ಆಯ್ತು, ತಗೊಂಡು ಹೋಗಿ' ಎಂದರೆ ಅನುಮಾನ ಪಡುವುದು ಒಳ್ಳೆಯದು. ಕಾರು ಲಿಫ್ಟ್ ಮೇಲಿರುವಾಗ, ಸ್ಪ್ರೇಗೆ ಮುಂಚಿನ ಫೋಟೊ ಕೇಳಿ ಪಡೆಯಿರಿ.

ಎಲ್ಲೆಲ್ಲಿ ಹೊಡೆಯಬಾರದು ಎಂಬುದೂ ಅಷ್ಟೇ ಮುಖ್ಯ. ಸೈಲೆನ್ಸರ್‌ಗೆ ತಾಗಿದರೆ ಬಿಸಿಗೆ ಹೊಗೆ, ವಾಸನೆ. ಬ್ರೇಕ್ ಡಿಸ್ಕ್‌ಗೆ ತಾಗಿದರೆ ಬ್ರೇಕೇ ಹಿಡಿಯದಿರಬಹುದು. ಸೆನ್ಸರ್, ರಬ್ಬರ್ ಬೂಟ್‌ಗಳನ್ನೂ ಮುಚ್ಚಿಟ್ಟೇ ಕೆಲಸ ಮಾಡಬೇಕು. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಮತ್ತು ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರ, ಕಂಪನಿ ಒಪ್ಪದೆ ಏನನ್ನೂ ಹೊಡೆಸಬೇಡಿ. ಹೆಚ್ಚಿನವರು ಮರೆಯುವುದು ಬಾಗಿಲು ಮತ್ತು ಅದರ ಕೆಳಪಟ್ಟಿಯ ಪುಟ್ಟ ತೂತುಗಳನ್ನು. ಒಳಗೆ ಇಳಿದ ಮಳೆನೀರು ಹೊರಬರುವುದು ಅಲ್ಲಿಂದಲೇ. ಕೋಟಿಂಗ್ ಅವನ್ನು ಮುಚ್ಚಿದರೆ ನೀರು ಒಳಗೇ ನಿಂತು, ಪಟ್ಟಿ ಒಳಗಿನಿಂದ ಕೊಳೆಯುತ್ತದೆ. ಅಪಘಾತವಾಗಿ ಟಿಂಕರಿಂಗ್, ವೆಲ್ಡಿಂಗ್ ಮಾಡಿಸಿದ್ದರೆ ಆ ಜಾಗದ ಲೇಪನ ಸುಟ್ಟಿರುತ್ತದೆ, ಅಲ್ಲಿಗೆ ಮತ್ತೆ ಹೊಡೆಸಬೇಕು.

ಮುಂಬೈ, ಮಂಗಳೂರಿನವರು ಇದನ್ನು ಜೂನ್‌ಗೆ ಮುಂಚೆ ಮುಗಿಸುವುದು ಒಳ್ಳೆಯದು. ಚೆನ್ನೈಗೆ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬರುವುದರಿಂದ ಅಲ್ಲಿನವರಿಗೆ ಸೆಪ್ಟೆಂಬರ್‌ವರೆಗೂ ಸಮಯವಿದೆ. ಸಮುದ್ರ ಉಬ್ಬಿ ನೀರು ನಿಂತ ರಸ್ತೆಯಲ್ಲಿ ಓಡಿಸಿದ್ದರೆ ಕೋಟಿಂಗ್ ಇದ್ದರೂ ಆದಷ್ಟು ಬೇಗ ಸಿಹಿನೀರಿನಲ್ಲಿ ತಳ ತೊಳೆಸಬೇಕು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಒಂದು ಮಾತು. ಕಡಲೂರಿನ ಎಂಟು-ಹತ್ತು ವರ್ಷದ ಕಾರಿನ ತಳ ನಿನ್ನೆ ಮೊನ್ನೆ ಬಳಿದಂತೆ ಹೊಳೆಯುತ್ತಿದ್ದರೆ ಖುಷಿಪಡಬೇಡಿ. ಲಿಫ್ಟ್‌ಗೆ ಹಾಕಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿಸಿ. ಗಟ್ಟಿ ತಗಡು ಠಣ್ ಎನ್ನುತ್ತದೆ. ಬೊದ್ದೆನ್ನುವ ಸದ್ದು ಬಂದರೆ, ತಟ್ಟಿದಲ್ಲಿ ಪುಡಿ ಉದುರಿದರೆ, ಚೌಕಾಸಿ ಅಲ್ಲಿಗೇ ನಿಲ್ಲಿಸಿ.