ಸೋಡಾಬುಡ್ಡಿ ಎಂದಾಗ ನಕ್ಕವರು ಯಾರು?

ಬಿಸಿಯೂಟದ ಸಾಲು. ದಪ್ಪ ಕನ್ನಡಕದ ಹುಡುಗ ತಟ್ಟೆ ಹಿಡಿದು ನಿಂತಿದ್ದಾನೆ. ‘ಏ ಸೋಡಾಬುಡ್ಡಿ, ಅನ್ನ ಕಾಣ್ಸುತ್ತೇನೋ?’ ಹಿಂದಿನಿಂದ ಒಬ್ಬ ಕೂಗುತ್ತಾನೆ. ಸಾಲಿಗೆ ಸಾಲೇ ಗೊಳ್ಳೆನ್ನುತ್ತದೆ. ಮೇಷ್ಟ್ರು ಚಪ್ಪಾಳೆ ತಟ್ಟಿದ್ದೇ ತಡ, ಎಲ್ಲರೂ ನಿಂತಲ್ಲೇ ಬೊಂಬೆ. ‘ಈಗ ಯಾರು ಬಂದು ಕಥೆ ಬದಲಿಸ್ತೀರಿ?’

ಇದು ತರಗತಿಯಲ್ಲೇ ಆಡಿಸಬಹುದಾದ ಆಟ. ಮೂಲ, ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋಲ್ ರೂಪಿಸಿದ ‘ಫೋರಂ ಥಿಯೇಟರ್’. ಅಲ್ಲಿ ಪ್ರೇಕ್ಷಕರೇ ಎದ್ದು ಬಂದು ಪಾತ್ರವಾಗುತ್ತಾರೆ. ಆದರೆ ಕಾಟ ಕೊಡುವವನ ಪಾತ್ರವನ್ನು ಮಾತ್ರ ಯಾರೂ ಬದಲಿಸುವಂತಿಲ್ಲ. ಅವನು ತಾನಾಗಿಯೇ ಒಳ್ಳೆಯವನಾಗಿಬಿಟ್ಟರೆ ಕಲಿಯುವುದೇನು ಉಳಿಯಿತು?

ಒಬ್ಬ ಬಂದು ಹೊಡೆಯಲು ಕೈ ಎತ್ತಬಹುದು. ಜಗಳ ಇನ್ನಷ್ಟು ರಂಗೇರುತ್ತದೆ. ಇನ್ನೊಬ್ಬಳು ‘ಸಾರ್‌ಗೆ ಹೇಳ್ತೀನಿ’ ಎಂದರೆ ‘ಚಾಡಿಕೋರಿ’ ಎಂಬ ಬಿರುದು ಸಿಗುತ್ತದೆ. ಚಾಡಿಯೇ ಬೇರೆ, ನೆರವು ಕೇಳುವುದೇ ಬೇರೆ ಎಂದು ಬಿಡಿಸಿ ಹೇಳಲು ಮೇಷ್ಟ್ರಿಗೆ ಅದೇ ಹೊತ್ತು. ಮೂರನೆಯವನು ನಗುವವರ ನಡುವಿನಿಂದಲೇ ಬರುತ್ತಾನೆ. ನಗುವುದಿಲ್ಲ. ‘ಬಾರೋ, ನನ್ ಜೊತೆ ನಿಂತ್ಕೊ’ ಎಂದಷ್ಟೇ ಹೇಳುತ್ತಾನೆ. ನಗುವವರು ಕಡಿಮೆಯಾದಂತೆ ಕೂಗಿದವನ ಮುಖ ಸಪ್ಪಗಾಗುತ್ತದೆ.

ಗುಟ್ಟು ಇರುವುದು ಇಲ್ಲೇ. ಗೇಲಿ ಮಾಡುವವನಿಗೆ ಬೇಕಾದದ್ದು ಸುತ್ತಲಿನವರ ನಗು. ಫಿನ್ಲೆಂಡ್‌ನ ತುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು ರೂಪಿಸಿದ ‘ಕಿವಾ’ ಕಾರ್ಯಕ್ರಮವೂ ನೋಡುತ್ತ ನಿಂತ ಮಕ್ಕಳನ್ನೇ ಮುಖ್ಯವಾಗಿ ಗಮನಿಸುತ್ತದೆ. ಚರ್ಚೆ, ಪಾತ್ರಾಭಿನಯ, ಕಂಪ್ಯೂಟರ್ ಆಟಗಳ ಮೂಲಕ ನಡೆಯುವ ಈ ಪಾಠ 2009ರಿಂದ ಆ ದೇಶದ ಶಾಲೆಗಳಿಗೆ ವ್ಯಾಪಕವಾಗಿ ತಲುಪಿತು.

ಆಡಿಸುವಾಗ ಎಚ್ಚರವೂ ಬೇಕು. ತರಗತಿಯಲ್ಲಿ ನಿಜಕ್ಕೂ ಚಾಲ್ತಿಯಲ್ಲಿರುವ ಅಡ್ಡಹೆಸರು ನಾಟಕಕ್ಕೆ ಬೇಡ. ದಿನವೂ ನೋಯುತ್ತಿರುವ ಮಗುವಿಗೆ ಅದೇ ಪಾತ್ರ ಕೊಟ್ಟರೆ ಗಾಯ ಕೆದಕಿದಂತೆ. ಬಾಯಿಬಿಟ್ಟು ಹೇಳಲಾರದವರಿಗಾಗಿ ಮೂಲೆಯಲ್ಲೊಂದು ಚೀಟಿ ಡಬ್ಬಿ ಇರಲಿ. ಚೀಟಿಗಳನ್ನು ಮೇಷ್ಟ್ರು ಒಬ್ಬರೇ ಓದಲಿ. ಕಾಟ ಮುಂದುವರಿದರೆ ನಾಟಕ ಸಾಲದು, ದೊಡ್ಡವರೇ ನಡುವೆ ಬರಬೇಕು. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಕಾಣುವಂತಿರಲಿ.

ಇನ್ನು ಮೇಷ್ಟ್ರ ಸರದಿ. ‘ಏನೋ ಡುಮ್ಮ, ಲೆಕ್ಕ ಮಾಡಿದ್ಯಾ?’ ಎಂದು ತಾವೇ ಕರೆದಾಗ ನಕ್ಕ ತರಗತಿ ಯಾವ ಪಾಠ ಕಲಿತಿತ್ತು? ಆ ದೃಶ್ಯವನ್ನೂ ಒಮ್ಮೆ ಚಪ್ಪಾಳೆ ತಟ್ಟಿ ನಿಲ್ಲಿಸಬೇಕು.