ಮುಗ್ಗುರಾಯಿಯೂ ಎಣ್ಣೆಬಾವಿಯೂ

ನಮ್ಮ ಮಡಕಶಿರಾ ಸೀಮೆಯ ಮಕ್ಕಳಿಗೆ ಕನ್ನಡದ ರಂಗೋಲಿಯೂ ತೆಲುಗಿನ ಮುಗ್ಗೂ ಒಂದೇ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ರಾಯಲಸೀಮೆಯಲ್ಲಿಯೇ ಸೇರಿದ ಕಡಪಾ ಪ್ರಾಂತದ ಮಂಗಂಪೇಟೆಯಲ್ಲಿ ಒಂದು ಬಗೆಯ ಭಾರವಾದ ಕಲ್ಲನ್ನು ಅಗೆಯುತ್ತಾರೆ. ಅಲ್ಲಿಯ ಜನ ಅದನ್ನು ಮುಗ್ಗುರಾಯಿ ಎನ್ನುತ್ತಾರೆ. ರಸಾಯನಶಾಸ್ತ್ರದಲ್ಲಿ ಅದು ಬೇರಿಯಂ ಸಲ್ಫೇಟ್. ವ್ಯಾಪಾರದಲ್ಲಿ ಅದರ ಹೆಸರು ಬೆರೈಟ್ಸ್. ಜಗತ್ತಿನ ಅತಿ ದೊಡ್ಡ ಬೆರೈಟ್ಸ್ ನಿಕ್ಷೇಪಗಳಲ್ಲಿ ಮಂಗಂಪೇಟೆಯದೂ ಒಂದು. ಈ ಕಲ್ಲಿನ ಬಹುಪಾಲು ಹೋಗಿ ಸೇರುವುದು ಎಣ್ಣೆಬಾವಿಗಳನ್ನು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸುವೆವು.

ಎಣ್ಣೆಗಾಗಿ ಭೂಮಿಯನ್ನು ಕೊರೆಯುವಾಗ ಟೊಳ್ಳಾದ ಕೊಳವೆಯ ಮೂಲಕ ಒಂದು ಕೆಸರನ್ನು ಸತತವಾಗಿ ಕೆಳಗೆ ನೂಕುತ್ತಾರೆ. ಅದು ಕೊರೆಯುವ ಅಲಗನ್ನು ತಂಪಾಗಿಸುತ್ತದೆ. ಕಲ್ಲಿನ ಚೂರುಗಳನ್ನು ಹೊತ್ತು ಮೇಲಕ್ಕೆ ಬರುತ್ತದೆ. ಬಾವಿಯ ಗೋಡೆಗೆ ತೆಳುವಾದ ಲೇಪವನ್ನು ಕಟ್ಟುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಆಳದಲ್ಲಿರುವ ಅನಿಲವು ಮೇಲಕ್ಕೆ ನುಗ್ಗದಂತೆ ತನ್ನ ಭಾರದಿಂದ ಅದುಮಿ ಹಿಡಿಯುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಹತ್ತು ಮೀಟರ್ ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನಷ್ಟು ಒತ್ತುತ್ತದೆ. ಆದುದರಿಂದ 3,000 ಮೀಟರ್ ಆಳದಲ್ಲಿ ನೀರಿನ ಒತ್ತಡ 300 ಕಿಲೋಗ್ರಾಂ. ಅಲ್ಲಿನ ಅನಿಲದ ಒತ್ತಡ 400 ಇದ್ದರೆ ನೀರು ಸೋಲುವುದು. ಆಗ ಕೆಸರು ನೀರಿನ 1.33ರಷ್ಟಕ್ಕಿಂತ ತುಸು ಹೆಚ್ಚು ಭಾರವಿರಬೇಕು. ಅತಿಯಾಗಿ ಭಾರವಾದರೂ ಕೇಡೇ: ಬಂಡೆ ಬಿರಿದು ಕೆಸರೆಲ್ಲ ಅದರೊಳಗೆ ಇಂಗಿಹೋಗುವುದು. ಅನಿಲವು ಹಿಡಿತ ತಪ್ಪಿದರೆ ಏನಾಗುವುದೆಂಬುದನ್ನು ಕೋನಸೀಮೆಯ ಪಾಸರ್ಲಪೂಡಿಯ ಜನ 1995ರಲ್ಲಿ ಕಂಡರು. ಅಲ್ಲಿ ಹೊತ್ತಿಕೊಂಡ ಬಾವಿಯ ಬೆಂಕಿ ಆರಲು ಎರಡು ತಿಂಗಳಿಗೂ ಮಿಕ್ಕಿ ಬೇಕಾಯಿತು.

ಭಾರಕ್ಕಾಗಿ ಯಾವುದಾದರೂ ಕಲ್ಲುಪುಡಿಯನ್ನು ಹಾಕಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಾಮಾನ್ಯ ಕಲ್ಲು ನೀರಿಗಿಂತ 2.6ರಷ್ಟು ಭಾರ, ಒಳ್ಳೆಯ ಬೆರೈಟ್ಸ್ 4.2ರಷ್ಟು. ಮೇಲೆ ಹೇಳಿದ 1.33ರ ಕೆಸರಿಗೆ ಸಾಮಾನ್ಯ ಕಲ್ಲಾದರೆ ಗಾತ್ರದಲ್ಲಿ ಐದನೆಯ ಒಂದು ಪಾಲು ಬೇಕು. ಬೆರೈಟ್ಸ್ ಆದರೆ ಹತ್ತನೆಯ ಒಂದು ಪಾಲು ಸಾಕು. ಪುಡಿ ಹೆಚ್ಚಾದಷ್ಟೂ ಕೆಸರು ಮುದ್ದೆಯಂತಾಗಿ ಯಂತ್ರಕ್ಕೆ ನೂಕಲು ಬಾರದು.

ಗಣಿಯಿಂದ ಬಂದ ಕಲ್ಲೆಲ್ಲವೂ ಒಂದೇ ಗುಣದ್ದಲ್ಲ. ಆದಕಾರಣ ಪರೀಕ್ಷೆ ಅವಶ್ಯಕ. ಉದ್ದ ಕೊರಳಿನ ಗಾಜಿನ ಪಾತ್ರೆಯಲ್ಲಿ ಸೀಮೆಎಣ್ಣೆಯನ್ನು ತುಂಬಿ ಮಟ್ಟವನ್ನು ಗುರುತಿಸುತ್ತಾರೆ. ಒಣಗಿದ 80 ಗ್ರಾಂ ಪುಡಿಯನ್ನು ಅದಕ್ಕೆ ಹಾಕಿ, ಗಾಳಿಗುಳ್ಳೆಗಳನ್ನು ಹೊರಡಿಸಿ, ಮತ್ತೆ ಮಟ್ಟವನ್ನು ಓದುತ್ತಾರೆ. ಎಣ್ಣೆ 19 ಮಿಲಿಲೀಟರ್ ಏರಿದರೆ 80ನ್ನು 19ರಿಂದ ಭಾಗಿಸಿ 4.21, ಪುಡಿ ಉತ್ತೀರ್ಣ. 21 ಮಿಲಿಲೀಟರ್ ಏರಿದರೆ 3.81, ಅನುತ್ತೀರ್ಣ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಗೊತ್ತುಪಡಿಸಿದ ಮಾನ 4.20; ಉತ್ತಮ ಕಲ್ಲು ವಿರಳವಾಗುತ್ತ ಬಂದುದರಿಂದ 4.10ರ ದರ್ಜೆಯನ್ನೂ ಅನಂತರ ಒಪ್ಪಲಾಗಿದೆ.

ಭಾರವೊಂದೇ ಸಾಲದು. 75 ಮೈಕ್ರಾನ್ ಜರಡಿಯ ಮೇಲೆ ನೂರಕ್ಕೆ ಮೂರು ಪಾಲಿಗಿಂತ ಹೆಚ್ಚು ಪುಡಿ ಉಳಿಯಬಾರದು. ತರಿ ಹೆಚ್ಚಿದ್ದರೆ ತಳಕ್ಕೆ ಕೂರುವುದು. 6 ಮೈಕ್ರಾನಿಗಿಂತ ನಯವಾದುದು ನೂರಕ್ಕೆ ಮೂವತ್ತನ್ನು ಮೀರಬಾರದು. ಮೀರಿದರೆ ಕೆಸರು ಗಟ್ಟಿಯಾಗುವುದು. ನೀರಿನಲ್ಲಿ ಕರಗುವ ಸುಣ್ಣದ ಅಂಶಕ್ಕೂ ಮಿತಿಯುಂಟು. ಅದು ಕೆಸರಿನ ಜೇಡಿಯನ್ನು ಕೆಡಿಸುತ್ತದೆ.

ಈ ಜೇಡಿಯೇ ಬೆಂಟೊನೈಟ್. ನಮ್ಮ ದೇಶದಲ್ಲಿ ಗುಜರಾತಿನ ಕಚ್ಛ ಮತ್ತು ರಾಜಸ್ಥಾನದ ಬಾಡಮೇರ್ ಪ್ರಾಂತಗಳಲ್ಲಿ ದೊರೆಯುತ್ತದೆ. ನೀರು ಕುಡಿದು ಉಬ್ಬುವ ಈ ಮಣ್ಣು, ಆರಿದ ರಾಗಿ ಅಂಬಲಿಯಂತೆ, ನಿಂತಾಗ ಹೆಪ್ಪುಗಟ್ಟುತ್ತದೆ, ಕಲಕಿದಾಗ ಹರಿಯುತ್ತದೆ. ಯಂತ್ರ ನಿಂತಾಗ ಚೂರುಗಳು ತಳಕ್ಕೆ ಬೀಳದಿರುವುದು ಇದರಿಂದಲೇ. 350 ಮಿಲಿಲೀಟರ್ ನೀರಿಗೆ 22.5 ಗ್ರಾಂ ಬೆರೆಸಿ, ಅದರ ಮಂದತೆಯನ್ನು ಅಳೆಯುತ್ತಾರೆ. ಒತ್ತಡದಲ್ಲಿ ಸೋಸಿದಾಗ ಇಳಿಯುವ ನೀರು 15 ಮಿಲಿಲೀಟರನ್ನು ಮೀರಬಾರದು. ಸುಣ್ಣದ ಜಾತಿಯ ಜೇಡಿ ಕಡಿಮೆ ಉಬ್ಬುವುದು. ಅದಕ್ಕೆ ಸೋಡಾ ಬೆರೆಸಿ ಸುಧಾರಿಸುವುದುಂಟು. ಆದುದರಿಂದ ಪರೀಕ್ಷೆಯೆಂಬುದು ಬರಿಯ ತಿರಸ್ಕಾರಕ್ಕಲ್ಲ. ಕೊರತೆಯನ್ನು ತೋರಿಸಿ ತಿದ್ದುವ ದಾರಿಯನ್ನೂ ಅದು ಕಾಣಿಸುತ್ತದೆ.

ನಮ್ಮ ನೆಲದ ಕಲ್ಲೆಂಬ ಅಭಿಮಾನ ಸಹಜವಾದುದು. ಆದರೆ ಬಾವಿಯ ಬಳಿ ದುಡಿಯುವವರ ಪ್ರಾಣವನ್ನು ಕಾಯುವುದು ಅಭಿಮಾನವಲ್ಲ, ತೂಕ. ಕನ್ನಡದಲ್ಲಿ ಓದಿದ ಮಕ್ಕಳು ವಿಜ್ಞಾನದಲ್ಲಿ ಮುಂದೆ ಬಂದಾರೆಯೇ ಎಂದು ಪೋಷಕರು ನಮ್ಮನ್ನು ಕೇಳುವುದುಂಟು. ಮೇಲಿನ ಭಾಗಾಕಾರವನ್ನು ನಿಮ್ಮ ಮಗುವಿನಿಂದ ಮಾಡಿಸಿ ನೋಡಿರಿ. ಯಾವ ಭಾಷೆಯಲ್ಲಿ ಮಾಡಿದರೂ ಉತ್ತರ 4.21ೇ ಆಗಿರುವುದು.